ಫ್ರೆಂಚ್‌ನಲ್ಲಿ ತಾಳ್ಮೆ, ಧೈರ್ಯ, ಪ್ರೀತಿ: ಯಾವಾಗ ಯಾವ ಆರ್ಟಿಕಲ್?

ಫ್ರೆಂಚ್ ಕಲಿಯುವ ಕನ್ನಡಿಗರಲ್ಲಿ ಹೆಚ್ಚಿನವರು ಅದನ್ನು ಇಂಗ್ಲಿಷ್ ಮೂಲಕವೇ ಕಲಿಯುತ್ತಾರೆ. ಪಿಯುಸಿಯಲ್ಲಿ ಭಾಷಾ ವಿಷಯವಾಗಿ ತೆಗೆದುಕೊಂಡವರಿರಲಿ, ಬೆಂಗಳೂರಿನ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಿ ಸೇರಿದವರಿರಲಿ, ಕೆನಡಾದ ಕ್ವಿಬೆಕ್‌ಗೆ ಹೋಗೋಕೆ ಪರೀಕ್ಷೆ ಕಟ್ಟಿದವರಿರಲಿ, ವಿವರಣೆ ಓದುವುದು ಇಂಗ್ಲಿಷ್‌ನಲ್ಲಿ. ತಲೆಯೊಳಗೆ ನಡೆಯುವ ಅನುವಾದವೂ ಇಂಗ್ಲಿಷ್‌ನಿಂದಲೇ. ಮೇಜು, ಕುರ್ಚಿ, ಬಸ್ಸಿನ ಪಾಠ ನಡೆಯುವಾಗ ಇದರಿಂದ ಅಷ್ಟೇನೂ ತೊಂದರೆ ಇಲ್ಲ. ತಾಳ್ಮೆ, ಧೈರ್ಯ, ಸ್ವಾತಂತ್ರ್ಯದಂಥ ಕೈಗೆ ಸಿಗದ ಪದಗಳು ಬಂದಾಗ ಎಡವಟ್ಟು ಶುರುವಾಗುತ್ತದೆ.

ಕಾರಣ ಇಷ್ಟೇ. ಇಂಗ್ಲಿಷ್ ಇಂಥ ಪದಗಳ ಮುಂದೆ ಸಾಮಾನ್ಯವಾಗಿ “ಎ”, “ದಿ” ಥರದ ಆರ್ಟಿಕಲ್ ಏನನ್ನೂ ಹಾಕುವುದಿಲ್ಲ. “ಪೇಷನ್ಸ್ ಈಸ್ ಎ ವರ್ಚ್ಯೂ”, “ಯೂ ನೀಡ್ ಪೇಷನ್ಸ್”, “ವಿತ್ ಪೇಷನ್ಸ್” ಅನ್ನುವಾಗ ಮೂರು ಕಡೆಯೂ ಪೇಷನ್ಸ್ ಒಂಟಿಯಾಗಿಯೇ ನಿಲ್ಲುತ್ತದೆ. ಫ್ರೆಂಚ್‌ನಲ್ಲಿ ಮೊದಲನೆಯದಕ್ಕೆ “ಲಾ ಪಾಸಿಯಾಂಸ್”, ಎರಡನೆಯದಕ್ಕೆ “ದ ಲಾ ಪಾಸಿಯಾಂಸ್”, ಮೂರನೆಯದಕ್ಕೆ ಬರೀ “ಪಾಸಿಯಾಂಸ್”. ಅದರ ಪಕ್ಕ ಒಂದು ವಿಶೇಷಣ ಬಂದರೆ “ಯೂನ್ ಪಾಸಿಯಾಂಸ್” ಕೂಡ ಆಗಬಹುದು. ಇಂಗ್ಲಿಷ್ ಮನಸ್ಸಿಗೆ ಈ ನಾಲ್ಕೂ ಒಂದೇ ಥರ ಕಾಣುತ್ತವೆ.

ನನ್ನ ಅಭಿಪ್ರಾಯ ಕೇಳಿದರೆ, ಈ ಒಂದು ವಿಷಯದಲ್ಲಿ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಕನ್ನಡದಲ್ಲಿ ಯೋಚಿಸುವುದೇ ಒಳ್ಳೆಯದು. ಕನ್ನಡದಲ್ಲಿ ಆರ್ಟಿಕಲ್ ಅನ್ನೋದೇ ಇಲ್ಲ, ನಿಜ. ಆದರೆ ಫ್ರೆಂಚ್ ಮಾಡುವ ಈ ವ್ಯತ್ಯಾಸಗಳನ್ನು ನಾವು “ಅನ್ನೋದು”, “ಸ್ವಲ್ಪ”, “ಅಲ್ಲ”, “ಇಲ್ಲ” ಅಂತ ಬೇರೆ ದಾರಿಯಲ್ಲಿ ದಿನವೂ ಮಾಡುತ್ತಲೇ ಇರುತ್ತೇವೆ. ಈ ಮಾರ್ಗದರ್ಶಿ ನಡೆಯುವುದು ಅದೇ ದಾರಿಯಲ್ಲಿ.

ಓದುವ ಮೊದಲು ಲಿಪಿಯ ಬಗ್ಗೆ ಒಂದು ಮಾತು. ಇಲ್ಲಿ “ಲ” ಅಂದರೆ ಪುಲ್ಲಿಂಗದ ಆರ್ಟಿಕಲ್, “ಲಾ” ಸ್ತ್ರೀಲಿಂಗದ್ದು, “ಲೆ” ಬಹುವಚನದ್ದು. ಸ್ವರದ ಮುಂದೆ “ಲ”, “ಲಾ” ಎರಡೂ “ಲ್’” ಆಗುತ್ತವೆ. “ದ್ಯೂ”, “ದ ಲಾ”, “ದ ಲ್’” ಮೂರನ್ನು ಪಾರ್ಟಿಟಿವ್ ಅನ್ನುತ್ತಾರೆ, ಅಂದರೆ ಇಡೀ ವಸ್ತುವಿನಲ್ಲಿ ಒಂದಂಶ. “ಅಂ”, “ಯೂನ್” ಅಂದರೆ ಒಂದು. ಬರೀ “ದ” ಬೇರೆ, ಬಹುವಚನದ “ದೆ” ಬೇರೆ. ಉಚ್ಚಾರಣೆ ಕನ್ನಡದಲ್ಲಿ ಹತ್ತಿರಹತ್ತಿರ ಬರುತ್ತದೆ ಅಷ್ಟೇ. ಮೂಗಿನಿಂದ ಬರುವ ಸ್ವರಗಳನ್ನು ಕೇಳಿಯೇ ಕಲಿಯಬೇಕು.

ಹಂತ 1: ಮೊದಲು ಲಿಂಗ ಗೊತ್ತಿರಲಿ

ಯಾವ ಆರ್ಟಿಕಲ್ ಹಾಕಬೇಕಾದರೂ ಲಿಂಗ ಬೇಕು. ಭಾವನಾಮಗಳಲ್ಲಿ, ಅಂದರೆ ತಾಳ್ಮೆ, ಧೈರ್ಯದಂಥ ಪದಗಳಲ್ಲಿ, ಇದು ಅಷ್ಟೇನೂ ಕಷ್ಟವಲ್ಲ, ಪದದ ಬಾಲವೇ ಹೇಳುತ್ತದೆ. “ತೆ” ಅಂತ ಮುಗಿಯುವ ಲಿಬೆರ್ತೆ, ಬೋತೆ, ಎಗಾಲಿತೆ ಥರದ, ಗುಣವನ್ನು ಹೆಸರಿಸುವ ಪದಗಳು ಸ್ತ್ರೀಲಿಂಗ. “ಸಿಯೋಂ” ಅಂತ ಮುಗಿಯುವ ಪಾಸಿಯೋಂ, ಎಮೊಸಿಯೋಂ ಸ್ತ್ರೀಲಿಂಗ. “ಆಂಸ್” ಅಂತ ಮುಗಿಯುವ ಪಾಸಿಯಾಂಸ್, ಶಾಂಸ್, ವಿಯೊಲಾಂಸ್ ಕೂಡ ಹಾಗೇ. ಇಲ್ಲಿ “ಸಿಲಾಂಸ್” ಮಾತ್ರ ಪುಲ್ಲಿಂಗ, ಮರೆಯಬೇಡಿ. “ಇಸ್ಮ್”, “ಮಾಂ” ಅಂತ ಮುಗಿಯುವವು ಪುಲ್ಲಿಂಗ. “ಕುರಾಜ್” ಅಂದರೆ ಧೈರ್ಯ, ಅದೂ ಪುಲ್ಲಿಂಗ. ತಪ್ಪುವುದು ಜಾಸ್ತಿ “ಅರ್” ಅಂತ ಮುಗಿಯುವ ಪದಗಳಲ್ಲಿ. ಭಯ ಅನ್ನುವ “ಪರ್”, ನೋವು ಅನ್ನುವ “ದೂಲರ್” ಸ್ತ್ರೀಲಿಂಗ. ಆದರೆ ಸಂತೋಷದ “ಬೊನರ್”, ದುರದೃಷ್ಟದ “ಮಾಲರ್”, ಮರ್ಯಾದೆಯ “ಒನರ್” ಪುಲ್ಲಿಂಗ. ಈ ಮೂರನ್ನು ಬಾಯಿಪಾಠ ಮಾಡಿಬಿಡಿ.

ಹಂತ 2: “ಅನ್ನೋದು” ಸೇರಿಸಿ ನೋಡಿ

ಒಂದು ಭಾವದ ಬಗ್ಗೆ ಒಟ್ಟಾರೆಯಾಗಿ ಮಾತಾಡುವಾಗ ಫ್ರೆಂಚ್ “ಲ”, “ಲಾ”, “ಲ್’” ಹಾಕುತ್ತದೆ. ಇಂಗ್ಲಿಷ್‌ನಲ್ಲಿ “ದಿ” ಅಂದರೆ ಗೊತ್ತಿರುವ ಆ ಒಂದು ವಸ್ತು. ಹಾಗಾಗಿ “ಲಾ ಪಾಸಿಯಾಂಸ್” ಅಂದರೆ ಯಾರದೋ ನಿರ್ದಿಷ್ಟ ತಾಳ್ಮೆ ಅನ್ನಿಸಿ ಕೈ ತಡೆಯುತ್ತದೆ. ತಡೆಯಬೇಕಾಗಿಲ್ಲ. ಇಲ್ಲಿ “ಲಾ” ಎಂದರೆ ತಾಳ್ಮೆ ಅನ್ನೋ ಇಡೀ ಗುಣ.

ಕನ್ನಡದಲ್ಲಿ “ತಾಳ್ಮೆ ಅನ್ನೋದು ದೊಡ್ಡ ಗುಣ” ಅಂತೀವಲ್ವಾ? ಆ “ಅನ್ನೋದು” ಸರಿಹೊಂದಿದರೆ “ಲ” ಅಥವಾ “ಲಾ” ಹಾಕಿ. “ಲಾ ಪಾಸಿಯಾಂಸ್ ಎ ಯೂನ್ ವೆರ್ತ್ಯೂ.” ಪ್ರೀತಿ ಅನ್ನೋದು ಕುರುಡು: “ಲ್’ಅಮೂರ್ ಎ ಅವಗ್ಲ್.” ಕರ್ತೃ ಸ್ಥಾನದಲ್ಲಿ, ಅಂದರೆ ವಾಕ್ಯದ ತಲೆಯಲ್ಲಿ ಬರುವ ಭಾವನಾಮಕ್ಕೆ ಹೆಚ್ಚಾಗಿ ಇದೇ ಉತ್ತರ.

“ಅನ್ನೋದು” ಜೊತೆಗೆ “ಅಂದ್ರೆ” ಕೂಡ ಒಳ್ಳೆಯ ಗುರುತು. ಇಷ್ಟ, ದ್ವೇಷ, ಗೌರವ, ಭಯ ಹೇಳುವ ಕ್ರಿಯಾಪದಗಳನ್ನು ನೋಡಿ. ನನಗೆ ಸ್ವಾತಂತ್ರ್ಯ ಅಂದ್ರೆ ಇಷ್ಟ: “ಜೆಮ್ ಲಾ ಲಿಬೆರ್ತೆ.” ಹಿಂಸೆ ಅಂದ್ರೆ ಆಗಲ್ಲ: “ಜ ದೆತೆಸ್ತ್ ಲಾ ವಿಯೊಲಾಂಸ್.” “ಎಮೆ” (ಇಷ್ಟಪಡು), “ಅದೊರೆ” (ತುಂಬಾ ಇಷ್ಟಪಡು), “ದೆತೆಸ್ತೆ” (ದ್ವೇಷಿಸು), “ಪ್ರೆಫೆರೆ” (ಹೆಚ್ಚು ಇಷ್ಟಪಡು) ಈ ನಾಲ್ಕು ಕ್ರಿಯಾಪದ ಕಂಡರೆ ಮುಂದಿನ ಭಾವನಾಮಕ್ಕೆ “ಲ” ಅಥವಾ “ಲಾ” ಅಂತ ಮನಸ್ಸಿನಲ್ಲೇ ಬರೆದುಕೊಳ್ಳಿ. “ಆ” ಅನ್ನೋ ವಿಭಕ್ತಿ ಪದದ ಜೊತೆ ಸೇರಿದಾಗ “ಆ” ಮತ್ತು “ಲ” ಕೂಡಿ “ಓ” ಆಗುವುದು ಮಾಮೂಲಿ ಸಂಧಿ. ಸಂತೋಷ ಅನ್ನೋದರಲ್ಲಿ ನಂಬಿಕೆ ಇಡುವುದು “ಕ್ರ್ವಾರ್ ಓ ಬೊನರ್”, ಪ್ರೀತಿಯಲ್ಲಾದರೆ “ಕ್ರ್ವಾರ್ ಆ ಲ್’ಅಮೂರ್”.

ಯಾರದೋ ನಿರ್ದಿಷ್ಟ ತಾಳ್ಮೆಯನ್ನು ಹೇಳುವಾಗಲೂ ಇದೇ “ಲಾ” ಬರುತ್ತದೆ. ಅಮ್ಮನ ತಾಳ್ಮೆ: “ಲಾ ಪಾಸಿಯಾಂಸ್ ದ ಮಾ ಮೆರ್.” ಇಲ್ಲಿ ಇಂಗ್ಲಿಷ್‌ಗೂ ಫ್ರೆಂಚ್‌ಗೂ ಜಗಳ ಇಲ್ಲ, ಮುಂದೆ ಹೋಗೋಣ.

ಹಂತ 3: “ಸ್ವಲ್ಪ” ಸೇರಿಸಿ ನೋಡಿ

“ಸ್ವಲ್ಪ ತಾಳ್ಮೆ ಬೇಕು” ಅನ್ನುವಾಗ ತಾಳ್ಮೆ ಅನ್ನೋ ಇಡೀ ಗುಣದ ಮಾತು ಬರುವುದಿಲ್ಲ. ಈಗಿನ ಕೆಲಸಕ್ಕೆ ಬೇಕಾದಷ್ಟು ಸಾಕು. ಹೀಗೆ ಅಳತೆ ಹೇಳದ ಒಂದಿಷ್ಟಕ್ಕೆ ಪಾರ್ಟಿಟಿವ್: “ಇಲ್ ಫೋ ದ ಲಾ ಪಾಸಿಯಾಂಸ್.” ಅವಳಿಗೆ ಪ್ರತಿಭೆ ಇದೆ: “ಎಲ್ ಆ ದ್ಯೂ ತಾಲಾಂ.” ಇದಕ್ಕೆ ಸಮಯ ಹಿಡಿಯುತ್ತೆ: “ಸಾ ಪ್ರಾಂ ದ್ಯೂ ತಾಂ.” ನನ್ನ ಅದೃಷ್ಟ ಚೆನ್ನಾಗಿದೆ: “ಜೆ ದ ಲಾ ಶಾಂಸ್.”

ಒಂದು ಎಚ್ಚರಿಕೆ. ಪಾರ್ಟಿಟಿವ್ ಅಂದರೆ ಕಡಿಮೆ ಅಂತಲ್ಲ. “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ” ಅಂತ ಬಸ್ಸಿನಲ್ಲಿ ಕೇಳುವವರು ಎಷ್ಟು ಅಡ್ಜಸ್ಟ್ ಕೇಳುತ್ತಿದ್ದಾರೆ ಅಂತ ನಮಗೆ ಗೊತ್ತು. ಅದೇ ಥರದ “ಸ್ವಲ್ಪ” ಇದು. ನಿಜವಾಗಿಯೂ ಕಡಿಮೆ ಅಂತ ಹೇಳಬೇಕಿದ್ದರೆ “ಅಂ ಪ ದ ಪಾಸಿಯಾಂಸ್” ಅನ್ನಬೇಕು.

ಪಾರ್ಟಿಟಿವ್ ಹೆಚ್ಚಾಗಿ ಬರುವುದು ಇರುವುದು, ಬೇಕಾಗುವುದು, ಕೊಡುವುದು, ಅನುಭವಿಸುವುದು ಹೇಳುವ ಕ್ರಿಯಾಪದಗಳ ನಂತರ. “ಅವ್ವಾರ್” (ಹೊಂದಿರು), “ಇಲ್ ಫೋ” (ಬೇಕು), “ದಮಾಂದೆ” (ಕೇಳು, ಬೇಡು), “ದೊನೆ” (ಕೊಡು), “ಮೋಂತ್ರೆ” (ತೋರಿಸು), “ರಸಾಂತೀರ್” (ಅನುಭವಿಸು) ಇವು ಆ ಗುಂಪಿನವು. ಮೇಲಿನ ಇಷ್ಟ-ದ್ವೇಷದ ಗುಂಪಿಗೂ ಇದಕ್ಕೂ ಇರುವ ವ್ಯತ್ಯಾಸ ಹಿಡಿದುಕೊಂಡರೆ ಅರ್ಧ ಕೆಲಸ ಆದಂತೆ. ಆಟ ಅಂದ್ರೆ ಇಷ್ಟ, “ಜೆಮ್ ಲ ಸ್ಪೋರ್.” ಆಟ ಆಡ್ತೀನಿ, “ಜ ಫೆ ದ್ಯೂ ಸ್ಪೋರ್.”

ಎರಡನ್ನೂ ಒಟ್ಟಿಗೆ ನೋಡಬೇಕಿದ್ದರೆ ಫ್ರೆಂಚರ ಒಂದು ಗಾದೆ ಸಾಕು. ಸಮಯವೇ ಹಣ ಅನ್ನೋದಕ್ಕೆ ಅವರು ಹೇಳುವುದು “ಲ ತಾಂ, ಸೆ ದ ಲ್’ಅರ್ಜಾಂ.” ಇಂಗ್ಲಿಷ್‌ನಲ್ಲಿ ಎರಡೂ ಪದ ಬರಿದಾಗಿರುವ ಜಾಗದಲ್ಲಿ ಇಲ್ಲಿ ಎರಡು ಬೇರೆ ಬೇರೆ ಆರ್ಟಿಕಲ್. ಸಮಯ ಅನ್ನೋದು, ಹಾಗಾಗಿ “ಲ ತಾಂ”. ಆದರೆ ಸಮಯ ಜಗತ್ತಿನ ಅಷ್ಟೂ ಹಣಕ್ಕೆ ಸಮ ಅಲ್ಲವಲ್ಲ, ಅದೂ ಹಣದ ಜಾತಿಗೇ ಸೇರಿದ್ದು ಅಷ್ಟೇ, ಹಾಗಾಗಿ “ದ ಲ್’ಅರ್ಜಾಂ”. ಇನ್ನೊಂದು ಗಾದೆ: “ಲ್’ಅರ್ಜಾಂ ನ ಫೆ ಪಾ ಲ ಬೊನರ್.” ಹಣದಿಂದ ಸುಖ ಸಿಗಲ್ಲ. ಇಲ್ಲಿ ಹಣ ಅನ್ನೋದರ ಮಾತು, ಸುಖ ಅನ್ನೋದರ ಮಾತು. ಎರಡಕ್ಕೂ “ಲ್’” ಮತ್ತು “ಲ”. ಅದೇ “ಅರ್ಜಾಂ”, ಆದರೆ ಒಂದು ಗಾದೆಯಲ್ಲಿ “ದ ಲ್’”, ಇನ್ನೊಂದರಲ್ಲಿ “ಲ್’”. ಈ ಎರಡು ಗಾದೆ ನಾಲಗೆ ಮೇಲಿದ್ದರೆ ನಿಯಮದ ಪುಟ ತಿರುವಬೇಕಾಗುವುದು ಕಡಿಮೆ.

ಹಂತ 4: “ಇಲ್ಲ” ಬೇರೆ, “ಅಲ್ಲ” ಬೇರೆ

ಇಂಗ್ಲಿಷ್‌ನವರು ಕಷ್ಟಪಡುವ ಈ ಜಾಗದಲ್ಲಿ ಕನ್ನಡದವರಿಗೆ ನಿಜಕ್ಕೂ ಲಾಭ ಇದೆ. ಇಂಗ್ಲಿಷ್‌ನಲ್ಲಿ ಎರಡೂ ಬಗೆಯ ನಿಷೇಧಕ್ಕೆ “ನಾಟ್” ಒಂದೇ ಸಾಕು. ನಮಗೆ ಎರಡಿದೆ.

ಅವನಿಗೆ ತಾಳ್ಮೆ ಇಲ್ಲ: “ಇಲ್ ನಾ ಪಾ ದ ಪಾಸಿಯಾಂಸ್.” ಪಾರ್ಟಿಟಿವ್ “ದ ಲಾ” ಹೋಗಿ ಬರೀ “ದ” ಉಳಿಯಿತು.

ಅದು ತಾಳ್ಮೆ ಅಲ್ಲ, ಹೆದರಿಕೆ: “ಸ ನೆ ಪಾ ದ ಲಾ ಪಾಸಿಯಾಂಸ್, ಸೆ ದ ಲಾ ಪರ್.” ಇಲ್ಲಿ “ದ ಲಾ” ಪೂರ್ತಿ ಉಳಿಯಿತು.

ಅಂದರೆ “ಇಲ್ಲ” ಅನ್ನುವ ಕಡೆ ಪಾರ್ಟಿಟಿವ್ ಕುಗ್ಗಿ “ದ” ಆಗುತ್ತದೆ, “ಅಲ್ಲ” ಅನ್ನುವ ಕಡೆ ಹಾಗೇ ಇರುತ್ತದೆ. ವ್ಯಾಕರಣ ಪುಸ್ತಕಗಳು ಇದನ್ನು “ಎತ್ರ್” (ಆಗಿರು) ಕ್ರಿಯಾಪದದ ಅಪವಾದ ಅಂತ ಒಂದು ಮೂಲೆಯಲ್ಲಿ ಬರೆಯುತ್ತವೆ. ಒಂದು ವಸ್ತು ಇಲ್ಲವೇ ಇಲ್ಲ ಅನ್ನುವುದು ಬೇರೆ, ಇರುವುದು ಆ ವಸ್ತುವಲ್ಲ ಅನ್ನುವುದು ಬೇರೆ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಂತ 2ರ “ಲ”, “ಲಾ” ಮಾತ್ರ ಯಾವ ನಿಷೇಧಕ್ಕೂ ಬಗ್ಗುವುದಿಲ್ಲ. “ಜ ನೆಮ್ ಪಾ ಲಾ ವಿಯೊಲಾಂಸ್”, ಹಿಂಸೆ ಅಂದ್ರೆ ಇಷ್ಟ ಇಲ್ಲ. ಇಲ್ಲಿ ಕನ್ನಡದಲ್ಲಿ “ಇಲ್ಲ” ಬಂದರೂ ಇಲ್ಲದಿರುವುದು ಇಷ್ಟ, ಹಿಂಸೆಯಲ್ಲ. ಹಾಗಾಗಿ “ಲಾ” ಅಲುಗಾಡುವುದಿಲ್ಲ.

ಹಂತ 5: “ಎಂಥ?” ಅಂತ ಕೇಳಿ

ಭಾವನಾಮಕ್ಕೆ ವಿಶೇಷಣ ಸೇರಿ ಆ ಭಾವದ ಒಂದು ಬಗೆಯನ್ನು ಹೇಳಿದರೆ “ಅಂ” ಅಥವಾ “ಯೂನ್” ಬರುತ್ತದೆ. ಎಂಥ ತಾಳ್ಮೆ? ಮುಗಿಯದ ತಾಳ್ಮೆ: “ಯೂನ್ ಪಾಸಿಯಾಂಸ್ ಆ್ಯಂಫಿನೀ.” ಎಂಥ ಧೈರ್ಯ? ಅಸಾಧಾರಣ ಧೈರ್ಯ: “ಅಂ ಕುರಾಜ್ ಎಕ್ಸ್‌ತ್ರಾಒರ್ದಿನೆರ್.” ಇಂಗ್ಲಿಷ್‌ನಲ್ಲಿ ತಾಳ್ಮೆ ಎಣಿಕೆಗೆ ಸಿಗದ ಪದ, ಹಾಗಾಗಿ ಅದರ ಮುಂದೆ “ಎ” ಹಾಕಲು ಮನಸ್ಸು ಬರುವುದಿಲ್ಲ. ಫ್ರೆಂಚ್‌ನಲ್ಲಿ ಹಾಕದಿದ್ದರೆ ವಾಕ್ಯ ಕುಂಟುತ್ತದೆ.

ಆದರೆ ವಿಶೇಷಣ ಬಂದ ಕಡೆಯೆಲ್ಲ “ಯೂನ್” ಅಂತ ಹೊಡೆಯಬೇಡಿ. “ನಿಜವಾದ ಗೆಳೆತನ ಅನ್ನೋದು ಅಪರೂಪ” ಅಂದಾಗ “ನಿಜವಾದ ಗೆಳೆತನ” ಪೂರ್ತಿ ಒಂದು ವರ್ಗ. “ಅನ್ನೋದು” ಹೊಂದುತ್ತದೆ. ಹಾಗಾಗಿ “ಲಾ ವ್ರೆ ಅಮಿತಿಯೆ ಎ ರಾರ್.” ಅಮ್ಮನ ಮುಗಿಯದ ತಾಳ್ಮೆ ಅನ್ನುವಾಗಲೂ ಯಾರದ್ದು ಅಂತ ಗೊತ್ತಾಗಿರುವುದರಿಂದ “ಲಾ”. ಹೊಸದಾಗಿ ಬಣ್ಣಿಸುವಾಗ ಮಾತ್ರ “ಯೂನ್”.

ಇದರಲ್ಲೇ ಒಂದು ಆಡುಮಾತಿನ ಸೊಗಸು ಇದೆ. ಫ್ರೆಂಚರು “ಇಲ್ ಎ ದ್’ಯೂನ್ ಪಾಸಿಯಾಂಸ್!” ಅಂತ ಅರ್ಧಕ್ಕೇ ನಿಲ್ಲಿಸುತ್ತಾರೆ. ವಿಶೇಷಣ ಹೇಳುವುದೇ ಇಲ್ಲ. ನಾವು “ಅವರ ತಾಳ್ಮೆ ಅಂದ್ರೆ ತಾಳ್ಮೆ” ಅಂತೀವಲ್ಲ, ಹಾಗೆ. ಮಾತಿನ ಪರೀಕ್ಷೆಯಲ್ಲಿ ಇದನ್ನು ಒಮ್ಮೆ ಬಳಸಿ ನೋಡಿ, ಕೇಳಲು ಚೆನ್ನಾಗಿರುತ್ತದೆ.

“ಯೂನ್” ಬಂದಾಗ ಕೆಲವೊಮ್ಮೆ ಅರ್ಥವೇ ಗಟ್ಟಿಯಾಗುತ್ತದೆ. “ಲಾ ಬೋತೆ” ಸೌಂದರ್ಯ, “ಯೂನ್ ಬೋತೆ” ಒಬ್ಬ ಸುಂದರಿ. “ಲ್’ಆ್ಯಂಜ್ಯುಸ್ತಿಸ್” ಅನ್ಯಾಯ ಅನ್ನೋದು, “ಯೂನ್ ಆ್ಯಂಜ್ಯುಸ್ತಿಸ್” ನಡೆದ ಒಂದು ಅನ್ಯಾಯ.

ಹಂತ 6: ಕ್ರಿಯಾಪದದಲ್ಲಿ ಕರಗಿ ಹೋದ ಪದಗಳು

ಈಗ ಆರ್ಟಿಕಲ್ಲೇ ಬೇಡದ ಕಡೆ. “ಜೆ ಫ್ಯಾಂ” ಅಂದರೆ ಹಸಿವಾಗಿದೆ. “ಜೆ ಸ್ವಾಫ್”, ಬಾಯಾರಿದೆ. “ಜೆ ಪರ್”, ಭಯ ಆಗ್ತಿದೆ. “ಜೆ ಸೊಮೆಯ್”, ನಿದ್ದೆ ಬರ್ತಿದೆ. “ಜೆ ಒಂತ್”, ನಾಚಿಕೆ ಆಗ್ತಿದೆ. ಇಲ್ಲೆಲ್ಲ ಭಾವನಾಮ ಕ್ರಿಯಾಪದದ ಜೊತೆ ಸೇರಿ ಒಂದೇ ಕ್ರಿಯೆ ಆಗಿಬಿಟ್ಟಿದೆ. ಕನ್ನಡದಲ್ಲೂ ಹೆಚ್ಚಿನ ಕಡೆ “ಆಗು”, “ಬರು” ಸೇರಿ ಒಂದೇ ಕ್ರಿಯೆಯ ಹಾಗೆ ಕೇಳಿಸುತ್ತದೆ.

ಈ ಗುಂಪು ದೊಡ್ಡದು. ಇದನ್ನು ನಿಯಮದಿಂದ ಊಹಿಸುವುದು ಕಷ್ಟ, ಪಟ್ಟಿ ಮಾಡಿಯೇ ಕಲಿಯಬೇಕು. “ಅವ್ವಾರ್ ರೆಜೋಂ” ಹೇಳಿದ್ದು ಸರಿಯಾಗಿರು, “ಅವ್ವಾರ್ ತೋರ್” ಹೇಳಿದ್ದು ತಪ್ಪಾಗಿರು, “ಅವ್ವಾರ್ ಆಂವೀ” ಮನಸ್ಸಾಗು, “ಅವ್ವಾರ್ ಬಜ್ವ್ಯಾಂ” ಬೇಕಾಗು. “ಫೆರ್ ಕೋಂಫಿಯಾಂಸ್” ನಂಬು, “ಫೆರ್ ಪ್ಲೆಜೀರ್” ಖುಷಿ ಕೊಡು, “ಪೆರ್ದ್ರ್ ಪಾಸಿಯಾಂಸ್” ತಾಳ್ಮೆ ಕಳೆದುಕೊಳ್ಳು, “ರಾಂದ್ರ್ ಸೆರ್ವೀಸ್” ಉಪಕಾರ ಮಾಡು, “ದಮಾಂದೆ ಪಾರ್ದೋಂ” ಕ್ಷಮೆ ಕೇಳು.

ಪದ ಕರಗಿದೆಯೋ ಇಲ್ಲವೋ ಅನ್ನೋದಕ್ಕೆ ಮೂರು ಗುರುತು. ಒಂದು, ಜಾಸ್ತಿ ಅಂತ ಹೇಳುವಾಗ “ತ್ರೆ” ಬರುತ್ತದಾ “ಬೋಕೂ ದ” ಬರುತ್ತದಾ ನೋಡಿ. ತುಂಬಾ ಹಸಿವಾಗಿದೆ, “ಜೆ ತ್ರೆ ಫ್ಯಾಂ”. ಅದೃಷ್ಟ ಜಾಸ್ತಿ ಇದ್ದರೆ “ಜೆ ಬೋಕೂ ದ ಶಾಂಸ್”. ಅಂದರೆ ಫ್ಯಾಂ ಕರಗಿದೆ, ಶಾಂಸ್ ಕರಗಿಲ್ಲ. ಎರಡು, ನಿಷೇಧದಲ್ಲಿ “ದ” ಬರುತ್ತದಾ? “ಜ ನೆ ಪಾ ಪರ್”, “ದ” ಇಲ್ಲ. “ಜ ನೆ ಪಾ ದ ಶಾಂಸ್”, “ದ” ಇದೆ. ಮೂರು, ವಿಶೇಷಣ ಬಂದ ಕೂಡಲೇ ಕರಗಿದ ಪದ ಮತ್ತೆ ನಾಮಪದವಾಗಿ ಎದ್ದು ಕೂರುತ್ತದೆ, ಆರ್ಟಿಕಲ್ ವಾಪಸ್ ಬರುತ್ತದೆ. ವಿಪರೀತ ಭಯ ಆದರೆ “ಜೆ ಯೂನ್ ಪರ್ ಬ್ಲ”, ಪದಕ್ಕೆ ಪದ ಹಾಕಿದರೆ ನೀಲಿ ಭಯ. ಹೊಟ್ಟೆ ತಾಳ ಹಾಕುತ್ತಿದ್ದರೆ “ಯೂನ್ ಫ್ಯಾಂ ದ ಲೂ”, ತೋಳದ ಹಸಿವು.

ಇದರ ಪಕ್ಕದಲ್ಲೇ ಇನ್ನೊಂದು ಗುಂಪಿದೆ. ಕನ್ನಡದಲ್ಲಿ “ಹೇಳುವ ಧೈರ್ಯ”, “ಕಾಯುವ ತಾಳ್ಮೆ”, “ಓದುವ ಅಭ್ಯಾಸ” ಅನ್ನುವ ಹಾಗೆ ಭಾವನಾಮಕ್ಕೆ ಒಂದು ಕ್ರಿಯೆ ಅಂಟಿಕೊಂಡರೆ ಫ್ರೆಂಚ್ “ಲ” ಅಥವಾ “ಲಾ” ಹಾಕುತ್ತದೆ. ಮಾತಾಡುವ ಧೈರ್ಯ ನನಗಿಲ್ಲ: “ಜ ನೆ ಪಾ ಲ ಕುರಾಜ್ ದ ಪಾರ್ಲೆ.” ನಿಷೇಧ ಬಂದರೂ “ಲ” ಹೋಗುವುದಿಲ್ಲ. ಆದರೆ “ಅವ್ವಾರ್ ಪರ್”, “ಅವ್ವಾರ್ ಆಂವೀ”, “ಅವ್ವಾರ್ ಬಜ್ವ್ಯಾಂ” ಕ್ರಿಯೆ ಅಂಟಿದರೂ ಬರಿದಾಗಿಯೇ ಇರುತ್ತವೆ. ಮಾತಾಡೋಕೆ ಭಯ, “ಜೆ ಪರ್ ದ ಪಾರ್ಲೆ.” ಅವು ಮೊದಲೇ ಕರಗಿದ ಪದಗಳಲ್ವಾ.

ಹಂತ 7: “ದ” ನುಂಗುವುದನ್ನು ಗಮನಿಸಿ

ವಿಭಕ್ತಿಯ ಕೆಲಸ ಮಾಡುವ “ದ” ಪಾರ್ಟಿಟಿವ್ ಪಕ್ಕಕ್ಕೆ ಬಂದರೆ ಅದನ್ನು ನುಂಗಿಬಿಡುತ್ತದೆ. “ದ” ಮತ್ತು “ದ್ಯೂ” ಸೇರಿದರೂ “ದ”, “ದ” ಮತ್ತು “ದ ಲಾ” ಸೇರಿದರೂ “ದ”. ಹಾಗಾಗಿ ಧೈರ್ಯ ಬೇಕು ಅನ್ನೋದಕ್ಕೆ “ಇಲ್ ಫೋ ದ್ಯೂ ಕುರಾಜ್” ಸರಿ, ಆದರೆ “ಬಜ್ವ್ಯಾಂ ದ” ಜೊತೆ ಬಂದರೆ “ಜೆ ಬಜ್ವ್ಯಾಂ ದ ಕುರಾಜ್”. ಬೋಕೂ ದ (ತುಂಬಾ), ಅಸೆ ದ (ಸಾಕಷ್ಟು), ತ್ರೋ ದ (ಅತಿಯಾಗಿ) ಅನ್ನುವ ಅಳತೆ ಪದಗಳು, “ಮಾಂಕೆ ದ” ಅನ್ನುವ ಕೊರತೆ, “ಪ್ಲ್ಯಾಂ ದ” ಅನ್ನುವ ತುಂಬಿರುವಿಕೆ, “ಫೆರ್ ಪ್ರವ್ ದ” ಅನ್ನುವ ತೋರಿಸುವಿಕೆ ಎಲ್ಲವೂ ಹೀಗೇ.

ಆದರೆ “ದ” ಎಲ್ಲವನ್ನೂ ನುಂಗುವುದಿಲ್ಲ. “ಅಂ”, “ಯೂನ್” ಉಳಿಯುತ್ತವೆ: “ಫೆರ್ ಪ್ರವ್ ದ್’ಅಂ ಗ್ರಾಂ ಕುರಾಜ್.” ಹಂತ 2ರ “ಲ”, “ಲಾ” ಕೂಡ ಉಳಿಯುತ್ತವೆ. ಸಹಾಯ ಬೇಕು ಅಂದರೆ “ಜೆ ಬಜ್ವ್ಯಾಂ ದ್’ಎದ್”. ಅಣ್ಣನ ಸಹಾಯ ಬೇಕು ಅಂದರೆ “ಜೆ ಬಜ್ವ್ಯಾಂ ದ ಲ್’ಎದ್ ದ ಮೋಂ ಫ್ರೆರ್”. “ಹೆಚ್ಚಿನ ಸಮಯ” ಅನ್ನುವ “ಲಾ ಪ್ಲ್ಯುಪಾರ್ ದ್ಯೂ ತಾಂ” ಅಳತೆ ಪದವಾದರೂ “ದ್ಯೂ” ಉಳಿಸಿಕೊಳ್ಳುತ್ತದೆ, ಅದನ್ನು ಇಡಿಯಾಗಿ ಕಲಿತುಬಿಡಿ.

ಎರಡು ನಾಮಪದಗಳ ನಡುವೆ “ದ” ಬಂದಾಗಲೂ ಇದೇ ಪ್ರಶ್ನೆ. ಪ್ರೇಮಪತ್ರ “ಲೆತ್ರ್ ದ್’ಅಮೂರ್”, ಪತ್ರದ ಜಾತಿ ಯಾವುದು ಅಂತ ಹೇಳಿದೆ ಅಷ್ಟೇ. ಸಾವಿನ ಭಯ “ಲಾ ಪರ್ ದ ಲಾ ಮೋರ್”, ಸಾವು ಅನ್ನೋದರ ಭಯ. ಕನ್ನಡದಲ್ಲಿ ಸಮಾಸ ಆದರೆ ಬರೀ “ದ”, “ಇನ” ಪ್ರತ್ಯಯ ಬಂದರೆ “ದ ಲಾ” ಅಂತ ಒಂದು ಅಂದಾಜು ಇಟ್ಟುಕೊಳ್ಳಬಹುದು. ಇದು ಪೂರ್ತಿ ನಂಬುವಂಥದ್ದಲ್ಲ. ಹಾಸ್ಯಪ್ರಜ್ಞೆ ನಮಗೆ ಸಮಾಸ, ಫ್ರೆಂಚರಿಗೆ “ಲ ಸಾಂಸ್ ದ ಲ್’ಯೂಮೂರ್”.

ಹಂತ 8: “ಇಂದ”, “ಇಲ್ಲದೆ”, “ಇದ್ರೆ”

ಭಾವನಾಮದ ಮುಂದೆ “ಅವೆಕ್”, “ಸಾಂ”, “ಪಾರ್”, “ಆಂ” ಬಂದು ಕೆಲಸ ಹೇಗೆ ಆಯಿತು, ಯಾಕೆ ಆಯಿತು ಅಂತ ಹೇಳಿದರೆ ಆರ್ಟಿಕಲ್ ಬೇಡ. ತಾಳ್ಮೆಯಿಂದ, “ಅವೆಕ್ ಪಾಸಿಯಾಂಸ್”. ಭಯವಿಲ್ಲದೆ, “ಸಾಂ ಪರ್”. ಕುತೂಹಲಕ್ಕೆ, “ಪಾರ್ ಕ್ಯುರಿಯೊಜಿತೆ”. ಸದ್ದಿಲ್ಲದೆ, “ಆಂ ಸಿಲಾಂಸ್”. ಯಾರಾದರೂ ಕಾಫಿಗೆ ಕರೆದರೆ ಖುಷಿಯಿಂದ ಬರ್ತೀನಿ ಅನ್ನೋಕೆ “ಅವೆಕ್ ಪ್ಲೆಜೀರ್”.

“ಅವೆಕ್” ಒಂದರಲ್ಲಿ ಮಾತ್ರ ಹುಷಾರಾಗಿರಿ. “ತಾಳ್ಮೆಯಿಂದ ಕೇಳಿದರು” ಅಂದರೆ ರೀತಿ, ಬರೀ “ಅವೆಕ್ ಪಾಸಿಯಾಂಸ್”. “ತಾಳ್ಮೆ ಇದ್ರೆ ಎಲ್ಲ ಆಗುತ್ತೆ” ಅಂದರೆ ಷರತ್ತು. ಆಗ ಪಾರ್ಟಿಟಿವ್ ಬರುತ್ತದೆ: “ಅವೆಕ್ ದ ಲಾ ಪಾಸಿಯಾಂಸ್, ಓನ್ ಅರೀವ್ ಆ ತೂ.” ವಿಶೇಷಣ ಬಂದರೆ ಹಂತ 5ರ ಹಾಗೆ “ಅವೆಕ್ ಯೂನ್ ಪಾಸಿಯಾಂಸ್ ಆ್ಯಂಫಿನೀ”.

“ಪೂರ್” (ಗೋಸ್ಕರ), “ಕೋಂತ್ರ್” (ವಿರುದ್ಧ), “ದಾಂ” (ಒಳಗೆ) ಮಾತ್ರ ಆರ್ಟಿಕಲ್ ಬಯಸುತ್ತವೆ. ಬಡತನದ ವಿರುದ್ಧ ಹೋರಾಡು: “ಲ್ಯುತೆ ಕೋಂತ್ರ್ ಲಾ ಪೋವ್ರತೆ.” ಪ್ರಬಂಧ ಬರೆಯುವಾಗ ಈ ವಾಕ್ಯ ಬೇಕಾಗುತ್ತದೆ, ಇಟ್ಟುಕೊಂಡಿರಿ.

ಉಳಿದ ಚಿಲ್ಲರೆ ಸಂಗತಿಗಳು

“ಲಿಬೆರ್ತೆ, ಎಗಾಲಿತೆ, ಫ್ರಾತೆರ್ನಿತೆ” (ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ) ಅಂತ ಫ್ರಾನ್ಸ್‌ನ ಶಾಲೆ, ನಗರಸಭೆಗಳ ಮೇಲೆ ಕೆತ್ತಿರುತ್ತಾರೆ. ಒಂದಕ್ಕೂ ಆರ್ಟಿಕಲ್ ಇಲ್ಲ. ಅದು ವಾಕ್ಯವಲ್ಲ, ಸಾಲಾಗಿ ನಿಲ್ಲಿಸಿದ ಹೆಸರುಗಳು. ಅದೇ ಲಿಬೆರ್ತೆ ವಾಕ್ಯದೊಳಗೆ ಬಂದರೆ “ಲಾ” ಹಾಕಿಕೊಂಡೇ ಬರುತ್ತದೆ. 1789ರ ಮಾನವ ಹಕ್ಕುಗಳ ಘೋಷಣೆಯ 4ನೇ ವಿಧಿ ಶುರುವಾಗುವುದು “ಲಾ ಲಿಬೆರ್ತೆ” ಅಂತಲೇ. 1958ರ ಸಂವಿಧಾನದ 2ನೇ ವಿಧಿಯಲ್ಲಿ ಈ ಮೂರು ಪದಗಳ ಧ್ಯೇಯವಾಕ್ಯವೂ ಇದೆ, ಗಣರಾಜ್ಯದ ಭಾಷೆ “ಲ ಫ್ರಾಂಸೆ” ಅನ್ನುವ ಮಾತೂ ಇದೆ. ಒಂದೇ ವಿಧಿಯಲ್ಲಿ ಬರಿದಾದ ಪದಗಳೂ ಆರ್ಟಿಕಲ್ ಇರುವ ಪದವೂ ಸಿಗುತ್ತವೆ. ಬೆಲ್ಜಿಯಂನ ಧ್ಯೇಯ ಪೂರ್ಣ ವಾಕ್ಯ, ಹಾಗಾಗಿ ಎರಡು ಆರ್ಟಿಕಲ್: “ಲ್’ಯುನಿಯೋಂ ಫೆ ಲಾ ಫೋರ್ಸ್.” ಒಗ್ಗಟ್ಟಿನಲ್ಲಿ ಬಲವಿದೆ.

“ಪೋವ್ರತೆ ನೆ ಪಾ ವೀಸ್” (ಬಡತನ ದೋಷವಲ್ಲ), “ನೊಬ್ಲೆಸ್ ಒಬ್ಲೀಜ್” (ದೊಡ್ಡಸ್ತಿಕೆಗೆ ತಕ್ಕ ಹೊಣೆಯೂ ಇದೆ) ಥರದ ಗಾದೆಗಳಲ್ಲಿ ಕಾಣುವುದು ಹಳೆಯ ಫ್ರೆಂಚ್‌ನ ರೀತಿ. ಆಗ ಭಾವನಾಮಕ್ಕೆ ಆರ್ಟಿಕಲ್ ಹಾಕದೆಯೂ ಹೇಳುತ್ತಿದ್ದರು. ಗಾ­ದೆಯಲ್ಲಿ ಅದು ಉಳಿದುಕೊಂಡಿದೆ, ನೀವು ಅನುಕರಿಸಬೇಡಿ. ಉದ್ಗಾರದಲ್ಲಿ “ಕೆಲ್ ಕುರಾಜ್!” ಅಂದರೆ ಎಂಥಾ ಧೈರ್ಯ, ಹಾರೈಕೆಯಲ್ಲಿ “ಬೋಂ ಕುರಾಜ್”, “ಬೊನ್ ಶಾಂಸ್”. ಇವಕ್ಕೆ ಆರ್ಟಿಕಲ್ ಇಲ್ಲ. ಭಾಷೆಯ ಹೆಸರಿಗೆ “ಲ” ಬೇಕು, “ಅಪ್ರಾಂದ್ರ್ ಲ ಫ್ರಾಂಸೆ”. ಮಾತಾಡು ಅನ್ನುವ “ಪಾರ್ಲೆ” ಜೊತೆ ಮಾತ್ರ ಬಿಡಬಹುದು, “ಪಾರ್ಲೆ ಫ್ರಾಂಸೆ”.

ಒಂದು ಪ್ಯಾರಾ ತಿದ್ದಿ ನೋಡೋಣ

ಇಂಗ್ಲಿಷ್‌ನಿಂದ ಯೋಚಿಸಿ ಬರೆದ ಐದು ವಾಕ್ಯ ಇಲ್ಲಿದೆ ಅಂದುಕೊಳ್ಳಿ. ನಾನೇ ಕಟ್ಟಿದ್ದು, ಆದರೆ ತಪ್ಪುಗಳು ತರಗತಿಯಲ್ಲಿ ಮಾಮೂಲಿ ಸಿಗುವಂಥವು.

“ಅಪ್ರಾಂದ್ರ್ ಫ್ರಾಂಸೆ, ಸಾ ದಮಾಂದ್ ಪಾಸಿಯಾಂಸ್.” ಭಾಷೆಯ ಹೆಸರಿಗೆ “ಲ” ಬೇಕು. ಇನ್ನು ತಾಳ್ಮೆ: “ಸ್ವಲ್ಪ ತಾಳ್ಮೆ ಬೇಡುತ್ತೆ” ಅನ್ನಬಹುದು, “ತಾಳ್ಮೆ ಅನ್ನೋದು ಬೇಡುತ್ತೆ” ಅನ್ನಲು ಆಗಲ್ಲ. ಪಾರ್ಟಿಟಿವ್. “ಅಪ್ರಾಂದ್ರ್ ಲ ಫ್ರಾಂಸೆ, ಸಾ ದಮಾಂದ್ ದ ಲಾ ಪಾಸಿಯಾಂಸ್.”

“ಮೋಂ ಪ್ರೊಫೆಸರ್ ಆ ಲಾ ಪಾಸಿಯಾಂಸ್ ಆ್ಯಂಫಿನೀ.” ಎಂಥ ತಾಳ್ಮೆ ಅನ್ನೋದನ್ನು ಹೊಸದಾಗಿ ಹೇಳುತ್ತಿದೆ. “ಯೂನ್ ಪಾಸಿಯಾಂಸ್ ಆ್ಯಂಫಿನೀ.”

“ಜೆ ಲಾ ಪರ್ ದ ಫೋತ್.” ಎರಡು ತಪ್ಪು. ಭಯ ಕರಗಿದ ಪದ, “ಲಾ” ತೆಗೆಯಿರಿ. ಮುಂದಿನದು ತಪ್ಪುಗಳು ಅಂದ್ರೆ ಭಯ. “ಅಂದ್ರೆ” ಬಂತು, ಹಾಗಾಗಿ “ಲೆ” ಬೇಕು. “ದ” ಮತ್ತು “ಲೆ” ಸೇರಿ “ದೆ”. “ಜೆ ಪರ್ ದೆ ಫೋತ್.”

“ಜ ನೆ ಪಾ ದ್ಯೂ ಕುರಾಜ್ ದ ಪಾರ್ಲೆ.” ಮಾತಾಡುವ ಧೈರ್ಯ, ಕ್ರಿಯೆ ಅಂಟಿದೆ. “ಜ ನೆ ಪಾ ಲ ಕುರಾಜ್ ದ ಪಾರ್ಲೆ.” ಮಾತಾಡುವ ಸುದ್ದಿಯಿಲ್ಲದೆ ಬರೀ ಧೈರ್ಯ ಇಲ್ಲ ಅಂತಿದ್ದರೆ “ಪಾ ದ ಕುರಾಜ್” ಆಗುತ್ತಿತ್ತು.

“ಜೆ ಬಜ್ವ್ಯಾಂ ದ ಲಾ ಪ್ರಾತೀಕ್.” ಸ್ವಲ್ಪ ಅಭ್ಯಾಸ ಬೇಕು ಅನ್ನುವ “ದ ಲಾ” ಇದು, “ಬಜ್ವ್ಯಾಂ ದ” ಅದನ್ನು ನುಂಗುತ್ತದೆ. “ಜೆ ಬಜ್ವ್ಯಾಂ ದ ಪ್ರಾತೀಕ್.”

ತಿದ್ದುವಾಗ ಪ್ರಶ್ನೆ ಕೇಳಿದ ಕ್ರಮ ಗಮನಿಸಿ, ಹಂತಗಳ ಕ್ರಮ ಅದಲ್ಲ. ಮೊದಲು ಪದ ಕ್ರಿಯಾಪದದಲ್ಲಿ ಕರಗಿದೆಯಾ? ಆಮೇಲೆ ಹಿಂದೆ “ದ” ಅಥವಾ “ಅವೆಕ್”, “ಸಾಂ” ಇದೆಯಾ? ಆಮೇಲೆ ವಿಶೇಷಣ ಅಥವಾ ಕ್ರಿಯೆ ಅಂಟಿದೆಯಾ? ಇದ್ಯಾವುದೂ ಇಲ್ಲದಿದ್ದರೆ ಮಾತ್ರ “ಅನ್ನೋದು”, “ಸ್ವಲ್ಪ” ಪರೀಕ್ಷೆ.

ಫ್ರೆಂಚ್ ಭಾಷೆಯ ಮಟ್ಟ ಅಳೆಯುವ ದೆಲ್ಫ್ ಪರೀಕ್ಷೆಯ ಬಿ1 ಹಂತದಲ್ಲಿ 160 ಪದ, ಬಿ2ರಲ್ಲಿ 250 ಪದ ಬರೆಯಬೇಕು. ಎರಡರಲ್ಲೂ ಅಭಿಪ್ರಾಯ ಕೇಳುತ್ತಾರೆ, ಹಾಗಾಗಿ ಭಾವನಾಮಗಳು ಬಂದೇ ಬರುತ್ತವೆ. ಬರೆದು ಮುಗಿಸಿದ ಮೇಲೆ ಐದು ನಿಮಿಷ ಉಳಿಸಿಕೊಳ್ಳಿ. “ತೆ”, “ಸಿಯೋಂ”, “ಆಂಸ್”, “ಅರ್” ಅಂತ ಮುಗಿಯುವ ಪದಗಳಿಗೆ ಪೆನ್ಸಿಲ್‌ನಲ್ಲಿ ಅಡಿಗೆರೆ ಎಳೆದು ಅವುಗಳ ಎಡಗಡೆ ಮಾತ್ರ ನೋಡುತ್ತಾ ಹೋಗಿ. ಏನೂ ಇಲ್ಲದ ಕಡೆ ನಿಂತು, ಯಾಕೆ ಇಲ್ಲ ಅಂತ ಕೇಳಿಕೊಳ್ಳಿ. ಹಂತ 6, 7, 8ರ ಕಾರಣ ಸಿಗದಿದ್ದರೆ ಅಲ್ಲಿ ಆರ್ಟಿಕಲ್ ಬಿಟ್ಟುಹೋಗಿದೆ ಅಂತಲೇ ಅರ್ಥ. ಯಾವುದು ಅಂತ ಹೊಳೆಯದೆ ಸಮಯ ಮುಗಿಯುತ್ತಿದ್ದರೆ, ವಾಕ್ಯದ ತಲೆಯಲ್ಲಿರುವ ಪದಕ್ಕೆ “ಲ” ಅಥವಾ “ಲಾ” ಹಾಕಿ, “ಅವ್ವಾರ್” ಅಥವಾ “ಇಲ್ ಫೋ” ನಂತರ ಬಂದ ಪದಕ್ಕೆ ಪಾರ್ಟಿಟಿವ್ ಹಾಕಿ.